ಮರವಜ್ರದ ಮಡಕೆ, ಬಡಗಿಯ ಅವಸರ

ಕ್ರಿ.ಶ. 1130ರ ಆಸುಪಾಸಿನಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಎಮ್ಮೆಯ ಚರ್ಮ ಬೇಯಿಸುವ ವಿಧಾನವನ್ನು ಸಂಸ್ಕೃತ ಶ್ಲೋಕಗಳಲ್ಲಿ ಬರೆದಿಟ್ಟ. ಅವನ ‘ಮಾನಸೋಲ್ಲಾಸ’ ನೂರು ಅಧ್ಯಾಯಗಳ ದೊಡ್ಡ ಗ್ರಂಥ. ರಾಜ್ಯಭಾರ, ಆನೆ-ಕುದುರೆ, ಅಡುಗೆ, ಸಂಗೀತ, ಬೇಟೆ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಚಿತ್ರಕಲೆಯ ಮಾತು ಬಂದಾಗ ಅವನು ವಜ್ರಲೇಪವನ್ನು ವಿವರಿಸುತ್ತಾನೆ. ಎಮ್ಮೆಯ ಹಸಿ ಚರ್ಮವನ್ನು ನೀರಿನಲ್ಲಿ ಹಾಕಿ ಬೆಣ್ಣೆಯಷ್ಟು ಮೆತ್ತಗಾಗುವ ತನಕ ಕುದಿಸಬೇಕು. ನೀರು ಇಂಗಿದ ಮೇಲೆ ಕಡ್ಡಿಗಳಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸಬೇಕು. ಬೇಕಾದಾಗ ಮಣ್ಣಿನ ಪಾತ್ರೆಯಲ್ಲಿ ಬಿಸಿನೀರಿನೊಂದಿಗೆ ಕರಗಿಸಿಕೊಳ್ಳಬೇಕು.

ದೊರೆಗೆ ಅದು ಬೇಕಾಗಿದ್ದದ್ದು ಚಿತ್ರ ಬರೆಯುವ ಗೋಡೆಯನ್ನು ಹದ ಮಾಡಲು. ಆದರೆ ಅದೇ ಪದಾರ್ಥ ಬಡಗಿಯ ಕೊಟ್ಟಿಗೆಯ ಅಂಟೂ ಹೌದು. ಅಜ್ಜಂದಿರ ಕಾಲದ ಬಡಗಿಗಳು ಅಂಗಡಿಯಿಂದ ತೂಕಕ್ಕೆ ತರುತ್ತಿದ್ದ, ಕಂದುಬಣ್ಣದ, ಒಡೆದರೆ ಗಾಜಿನಂತೆ ಚೂರಾಗುತ್ತಿದ್ದ ಮರವಜ್ರ ಸೋಮೇಶ್ವರನ ಪಾಕದ ನೇರ ವಾರಸುದಾರ. ಆರನೆಯ ಶತಮಾನದ ವರಾಹಮಿಹಿರನೂ ‘ಬೃಹತ್ಸಂಹಿತೆ’ಯಲ್ಲಿ ವಜ್ರಲೇಪಕ್ಕೆ ಒಂದು ಪೂರ್ತಿ ಅಧ್ಯಾಯ ಕೊಟ್ಟಿದ್ದ. ಅವನ ಪಟ್ಟಿಯಲ್ಲಿ ಬೇಲದ ಕಾಯಿ, ಬೂರುಗದ ಹೂವು, ಗುಗ್ಗುಳ, ರಾಳಗಳ ಜೊತೆಗೆ ಕೊಂಬು, ಚರ್ಮಗಳಿಂದ ಮಾಡುವ ಇನ್ನೊಂದು ಬಗೆಯೂ ಇದೆ. ಸೋಮೇಶ್ವರನ ಪಾಕ ಅದಕ್ಕಿಂತ ಸರಳ. ಚರ್ಮ, ನೀರು, ಬೆಂಕಿ, ಬಿಸಿಲು, ಇಷ್ಟೇ.

ಹೆಚ್ಚುಕಡಿಮೆ ಅದೇ ದಶಕಗಳಲ್ಲಿ ಜರ್ಮನಿಯ ಒಬ್ಬ ಸನ್ಯಾಸಿ ಥಿಯೋಫಿಲಸ್ ಎಂಬ ಹೆಸರಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಕುಶಲಕಲೆಗಳ ಕೈಪಿಡಿಯೊಂದನ್ನು ಬರೆದ. ಅವನ ಅಂಟಿಗೆ ಮೂಲ ಗಿಣ್ಣಿನಂಥ ಮೆತ್ತನೆಯ ಚೀಸ್. ಅದನ್ನು ಸಣ್ಣಗೆ ಹೆಚ್ಚಿ, ಒರಳಿನಲ್ಲಿ ಬಿಸಿನೀರು ಹಾಕಿ, ನೀರು ತಿಳಿಯಾಗಿ ಬರುವ ತನಕ ಕುಟ್ಟಿ ತೊಳೆಯಬೇಕು. ಆಮೇಲೆ ತಣ್ಣೀರಿನಲ್ಲಿ ಗಟ್ಟಿಯಾಗಲು ಬಿಟ್ಟು, ಅರೆದು, ಸುಟ್ಟ ಸುಣ್ಣದ ನೀರಿನಲ್ಲಿ ಕಲಸಬೇಕು. ಈ ಅಂಟಿನಿಂದ ಕೂಡಿಸಿದ ಹಲಗೆಗಳು ಒಣಗಿದರೆ ತೇವಕ್ಕೂ ಬಿಡವು, ಶಾಖಕ್ಕೂ ಬಿಡವು ಎಂದು ಅವನು ಭರವಸೆ ಕೊಡುತ್ತಾನೆ. ಆದರೆ ಅಂಟಿನ ಮಾತಿಗೆ ಬರುವ ಮೊದಲೇ ಅವನದೊಂದು ಷರತ್ತಿದೆ. ಪೀಪಾಯಿ ಮಾಡುವವರು ಬಳಸುವ ಉಪಕರಣದಿಂದ ಹಲಗೆಗಳ ಅಂಚನ್ನು ಒಂದೊಂದಾಗಿ ಜಾಗರೂಕತೆಯಿಂದ ಹೊಂದಿಸಿಕೊಳ್ಳಬೇಕು. ಅಂಟು ಆಮೇಲೆ.

ಮರಗೆಲಸದ ಇತಿಹಾಸದ ಉದ್ದಕ್ಕೂ ಈ ಷರತ್ತಿನದೇ ಜಗ್ಗಾಟ. ಅಂಟು ಸುಧಾರಿಸಿದಾಗಲೆಲ್ಲ ಸಂದಿನ ಕೆಲಸವನ್ನು ಅದರ ತಲೆಗೆ ಕಟ್ಟುವ ಆಸೆ ಮನುಷ್ಯನಿಗೆ ಹುಟ್ಟಿದೆ. ಆ ಆಸೆ ಕೈಕೊಟ್ಟ ಪ್ರಸಂಗಗಳೂ ದಾಖಲಾಗಿವೆ. ಅವುಗಳಲ್ಲಿ ದೊಡ್ಡದೊಂದು ನಡೆದದ್ದು ಭಾರತದ ಆಕಾಶದಲ್ಲಿ.

ಅದಕ್ಕೆ ಬರುವ ಮುಂಚೆ ಅಂಟನ್ನು ನೆಚ್ಚದ ಜೋಡಣೆಯನ್ನು ನೋಡಬೇಕು. ಜರ್ಮನಿಯ ಲೈಪ್‌ಜಿಗ್ ಸುತ್ತಮುತ್ತ ನವಶಿಲಾಯುಗದ ನಾಲ್ಕು ಬಾವಿಗಳು ಸಿಕ್ಕಿವೆ. ಅವುಗಳ ಒಳಗೋಡೆ ಓಕ್ ಮರದ್ದು. ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿದ ವಿಜ್ಞಾನಿಗಳು ಆ ಮರಗಳನ್ನು ಕ್ರಿ.ಪೂ. 5206ರಿಂದ 5098ರ ನಡುವೆ ಕಡಿದದ್ದೆಂದು 2012ರಲ್ಲಿ ಪ್ರಕಟಿಸಿದರು. ಲೋಹ ಕಾಣದ ಆ ಜನ ಕಲ್ಲಿನ ಬಾಚಿಯಿಂದ ತೊಲೆಗಳ ಮೂಲೆಗಳನ್ನು ಕಚ್ಚು ಹಾಕಿ ಕೂಡಿಸಿದ್ದರು. ತಳದ ಚೌಕಟ್ಟಿನಲ್ಲಿ ತೂತಿನೊಳಗೆ ನಾಲಿಗೆ ತೂರಿಸಿ, ಹೊರಬಂದ ತುದಿಗೆ ಅಡ್ಡ ಬೆಣೆ ಬಡಿದಿದ್ದರು. ನಮ್ಮ ಹಳೆಯ ಮಂಚದ ಕಾಲಿನಲ್ಲೂ ಹೊರಕ್ಕೆ ಇಣುಕುವ ಬೆಣೆಯದು ಇದೇ ಕಸುಬು. ಏಳು ಸಾವಿರ ವರ್ಷಗಳ ನಂತರವೂ ಆ ಸಂದುಗಳು ಬಿಟ್ಟಿರಲಿಲ್ಲ.

ಈಜಿಪ್ಟಿನವರಿಗೆ ಸಂದು, ಅಂಟು ಎರಡೂ ಗೊತ್ತಿತ್ತು. ಸಕ್ಕಾರದಲ್ಲಿ ಸಿಕ್ಕ ಮೂರನೆಯ ರಾಜವಂಶದ ಕಾಲದ ಒಂದು ಶವಪೆಟ್ಟಿಗೆಯ ಗೋಡೆ ಆರು ತೆಳು ಪದರಗಳದ್ದು. ಒಂದರ ಎಳೆ ಉದ್ದಕ್ಕಿದ್ದರೆ ಮುಂದಿನದರ ಎಳೆ ಅಡ್ಡಕ್ಕೆ. ಇಂದಿನ ಪ್ಲೈವುಡ್ಡಿನ ತತ್ವವೇ ಅದು, ಆದರೆ ಪದರಗಳನ್ನು ಹಿಡಿದದ್ದು ಮರದ ಸಣ್ಣ ಗೂಟಗಳು. ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ಮೂರನೆಯ ಥಟ್‌ಮೋಸ್‌ನ ಮಂತ್ರಿ ರೆಖ್‌ಮಿರೆಯ ಸಮಾಧಿಯ ಗೋಡೆಯಲ್ಲಿ ಬಡಗಿಗಳ ಚಿತ್ರ ಬರುತ್ತದೆ. ಒಬ್ಬ ಕೊರೆಯುತ್ತಾನೆ, ಒಬ್ಬ ಕೊಯ್ಯುತ್ತಾನೆ. ಪಕ್ಕದಲ್ಲಿ ಬೆಂಕಿಯ ಮೇಲೆ ಅಂಟಿನ ಪಾತ್ರೆ, ಕುಂಚ ಹಿಡಿದು ಬಳಿಯುವ ಆಳು.

ಕನ್ನಡ ನಾಡಿನ ದೊಡ್ಡ ಮರಗೆಲಸ ಬಹುಕಾಲ ಬೆಣೆ, ಗೂಟ, ಕಚ್ಚುಗಳನ್ನೇ ನೆಚ್ಚಿಕೊಂಡಿತ್ತು. ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ನವನಾರೀಕುಂಜರ, ಪಂಚನಾರೀತುರಗಗಳ ಕೆತ್ತನೆಯ ಕಂಬಗಳನ್ನು ನೋಡಲು ಹೋದವರ ಕಣ್ಣು ಶಿಲ್ಪದ ಮೇಲೇ ನಿಲ್ಲುತ್ತದೆ. ಕಂಬದ ತಲೆ ಬೋದಿಗೆಗೆ, ಬೋದಿಗೆ ತೊಲೆಗೆ ಕೂರುವ ಜಾಗವೂ ಅಷ್ಟೇ ನೋಡುವಂಥದ್ದು. 1784ರಲ್ಲಿ ಟಿಪ್ಪು ಕಟ್ಟಿಸಿದ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಹುಪಾಲು ತೇಗದ ಕಟ್ಟಡ. ಇಂಥ ಕಡೆ ಭಾರ ಹೊರುವ ಸಂದಿಗೆ ಚರ್ಮದ ಅಂಟನ್ನು ನಂಬುವಂತಿರಲಿಲ್ಲ. ಮಳೆಗಾಲದ ತೇವಕ್ಕೆ ಅದು ಮತ್ತೆ ಮೆತ್ತಗಾಗುತ್ತದೆ.

ಎತ್ತಿನ ಗಾಡಿಯ ಚಕ್ರವಂತೂ ಅಂಟಿಲ್ಲದ ಜೋಡಣೆಯ ಪರಾಕಾಷ್ಠೆ. ಆರೆಕಾಲುಗಳ ಒಂದು ತುದಿ ಗುಂಬದ ತೂತಿಗೆ, ಇನ್ನೊಂದು ತುದಿ ಸುತ್ತಿನ ಮರಕ್ಕೆ. ಎಲ್ಲವನ್ನೂ ಕೂಡಿಸಿ, ಚಕ್ರದ ಸುತ್ತಳತೆಗಿಂತ ಕೊಂಚ ಚಿಕ್ಕದಾದ ಕಬ್ಬಿಣದ ಹಳಿಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಕಾದು ಹಿಗ್ಗಿದ ಹಳಿಯನ್ನು ಇಕ್ಕಳಗಳಲ್ಲಿ ಹಿಡಿದು ಚಕ್ರಕ್ಕೆ ತೊಡಿಸಿ ತಕ್ಷಣ ನೀರು ಸುರಿಯುತ್ತಾರೆ. ಹಳಿ ಕುಗ್ಗುತ್ತಿದ್ದಂತೆ ಪ್ರತಿಯೊಂದು ಆರೆಕಾಲೂ ತನ್ನ ತೂತಿನೊಳಕ್ಕೆ ಕಿರ್ರೆಂದು ಇಳಿಯುತ್ತದೆ. ತೂತು ಸಡಿಲವಾಗಿ ಕೊರೆದಿದ್ದರೆ ಹಳಿಯ ಬಿಗಿತವೂ ಅದನ್ನು ಉಳಿಸದು. ನಾಲ್ಕು ಮೈಲಿ ಹೋಗುವುದರೊಳಗೆ ಚಕ್ರ ಮಾತಾಡತೊಡಗುತ್ತದೆ.

ಮರ ಕಡಿದ ಮೇಲೂ ಸುಮ್ಮನಿರುವುದಿಲ್ಲ ಎಂಬುದು ಈ ಎಲ್ಲ ಎಚ್ಚರಿಕೆಗೆ ಕಾರಣ. ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣ ಹವೆಗೆ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಚಲನೆ ನಗಣ್ಯ, ಅಡ್ಡಕ್ಕೆ ಲೆಕ್ಕಕ್ಕೆ ಸಿಗುವಷ್ಟು. ಅಡ್ಡಗಲದಲ್ಲೂ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸರಿಸುಮಾರು ಎರಡರಷ್ಟು. ಹಳೆಯ ಬಾಗಿಲುಗಳಲ್ಲಿ ಚೌಕಟ್ಟಿನ ತೋಡಿನೊಳಗೆ ಹಲಗೆಯನ್ನು ಅಂಟು ಹಾಕದೆ ಬಿಡುತ್ತಿದ್ದದ್ದು ಇದಕ್ಕೇ. ಆಷಾಢದಲ್ಲಿ ಹಿಗ್ಗಲು, ಚೈತ್ರದಲ್ಲಿ ಕುಗ್ಗಲು ಅದಕ್ಕೆ ಜಾಗ ಬೇಕು. ಅಂಟಿಸಿ ಕಟ್ಟಿಹಾಕಿದರೆ ಅದು ಚೌಕಟ್ಟನ್ನು ಸೀಳುತ್ತದೆ, ಇಲ್ಲವೇ ತಾನೇ ಸೀಳುತ್ತದೆ.

ಮರದ ತುದಿಕೊಯ್ತದ ಮುಖವೂ ಅಂಟಿಗೆ ಒಗ್ಗದು. ಅಲ್ಲಿ ಮರದ ನಾಳಗಳೆಲ್ಲ ಬಾಯ್ದೆರೆದಿರುವುದರಿಂದ ಅಂಟು ಒಳಕ್ಕೆ ಇಂಗಿಹೋಗುತ್ತದೆ, ಮೇಲೆ ಹಿಡಿಯಲು ಏನೂ ಉಳಿಯದು. ಎಳೆಯ ಉದ್ದಕ್ಕಿರುವ ಎರಡು ಮುಖಗಳು ಮುಟ್ಟಿದಾಗ ಮಾತ್ರ ಪೂರ್ತಿ ಬಲ. ಬಡಗಿ ತೂತು ಕೊರೆದು ನಾಲಿಗೆ ತೂರಿಸುವುದು ಬರೀ ಸಿಕ್ಕಿಸಿಡಲಿಕ್ಕಲ್ಲ. ಹಾಗೆ ಮಾಡಿದಾಗ ಅಂಟಿಗೆ ಎರಡು ಕೆನ್ನೆಗಳ ಒಳ್ಳೆಯ ಮೈ ಸಿಗುತ್ತದೆ. ಆ ಕೆನ್ನೆಗಳನ್ನು ಹೇಗೆ ಕೊಯ್ಯುತ್ತಾನೆ ಎಂಬುದರಲ್ಲಿ ಕೈಯ ಗುಣ ತಿಳಿಯುತ್ತದೆ. ಸೀಸದ ಕಡ್ಡಿಯ ಗೆರೆಗೆ ಅರ್ಧ ಮಿಲಿಮೀಟರ್ ದಪ್ಪವಿರುತ್ತದೆ, ಗರಗಸ ಅದರ ಯಾವ ಅಂಚಿನಲ್ಲಿ ಓಡಬೇಕೆಂಬ ಗೊಂದಲ ಉಳಿಯುತ್ತದೆ. ಮೂಲೆಮಟ್ಟ ಒತ್ತಿ ಹಿಡಿದು ಚಾಕುವಿನಿಂದ ಗೀಚಿದ ಗೆರೆಗೆ ದಪ್ಪವಿಲ್ಲ. ಕೊನೆಯ ಸುತ್ತಿನಲ್ಲಿ ಉಳಿಯ ಅಲಗು ತಾನಾಗಿ ಆ ಗೀರಿಗೆ ಇಳಿಯುತ್ತದೆ. ಹಾಗೆ ಕೊಯ್ದ ನಾಲಿಗೆ ಅಂಗೈಯ ಒತ್ತಿಗೆ ಹೋಗಬೇಕು. ಕೊಡತಿಯ ಹೊಡೆತ ಬೇಕಾದರೆ ಬಿಗಿ ಹೆಚ್ಚು, ತಾನಾಗಿ ಜಾರಿ ಬಿದ್ದರೆ ಸಡಿಲ.

ಇಷ್ಟೆಲ್ಲ ಮಾಡಿದ ಮೇಲೆ ಮರವಜ್ರದ ಪರೀಕ್ಷೆ. ಹಿಂದಿನ ರಾತ್ರಿ ಚೂರುಗಳನ್ನು ತಣ್ಣೀರಿನಲ್ಲಿ ನೆನೆಸಿಟ್ಟರೆ ಬೆಳಿಗ್ಗೆಗೆ ಉಬ್ಬಿಕೊಂಡಿರುತ್ತವೆ. ಅದನ್ನು ನೇರ ಉರಿಯ ಮೇಲೆ ಇಡುವಂತಿಲ್ಲ. ನೀರಿರುವ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಬೇಕು. ಕುದಿ ಬಂದರೆ ಚರ್ಮದಿಂದ ಬಂದ ಪ್ರೋಟೀನಿನ ಸರಪಳಿಗಳು ತುಂಡಾಗಿ ಅಂಟು ಬಲ ಕಳೆದುಕೊಳ್ಳುತ್ತದೆ. ಕುಂಚದಿಂದ ಮರಕ್ಕೆ ಇಳಿದ ಕ್ಷಣದಿಂದ ಅದು ತಣಿಯತೊಡಗುತ್ತದೆ. ಒಂದೆರಡು ನಿಮಿಷ ಕಳೆದರೆ ಕೆನೆಗಟ್ಟಿ ಲೋಳೆಯಾಗುತ್ತದೆ. ಆಮೇಲೆ ಎಷ್ಟು ಬಿಗಿದರೂ ಸಂದು ಮುಚ್ಚದು.

ಹಳೆಯ ಕಾರ್ಖಾನೆಗಳ ಶಿಸ್ತು ಹುಟ್ಟಿದ್ದು ಈ ಒಂದೆರಡು ನಿಮಿಷಗಳಲ್ಲಿ. ಮರದ ತುಂಡುಗಳನ್ನು ಮೊದಲೇ ಬೆಂಕಿಯ ಬಳಿ ಬೆಚ್ಚಗೆ ಮಾಡಿಡುವುದು, ಬಾಗಿಲು ಮುಚ್ಚಿ ಗಾಳಿ ತಡೆಯುವುದು, ಬೆಣೆ, ಹಗ್ಗ, ತಿರುವುವ ಕೋಲು ಕೈಗೆಟಕುವಲ್ಲಿ ಇಡುವುದು. ಅಂಟಿಲ್ಲದೆ ಒಮ್ಮೆ ಪೂರ್ತಿ ಜೋಡಿಸಿ, ಪ್ರತಿ ತುಂಡಿಗೂ ಗುರುತು ಹಾಕಿ, ಬಿಚ್ಚಿ, ಅದೇ ಕ್ರಮದಲ್ಲಿ ಸಾಲಾಗಿ ಇಡುವುದು. ದೊಡ್ಡ ಕೆಲಸವಾದರೆ ಒಂದೇ ಸಲಕ್ಕೆ ಅಂಟಿಸದೆ ಎರಡು ಬದಿಗಳನ್ನು ಮೊದಲು ಮಾಡಿ, ಅವು ಒಣಗಿದ ಮೇಲೆ ನಡುವಿನ ಅಡ್ಡಪಟ್ಟಿಗಳನ್ನು ಕೂಡಿಸುವುದು. ನಿಜವಾಗಿ ಅವಸರವಿದ್ದದ್ದು ಕುಂಚ ಮುಟ್ಟಿಸಿದ ಮೇಲಿನ ಆ ಗಳಿಗೆಗೆ ಮಾತ್ರ. ಉಳಿದ ಇಡೀ ದಿನ ಆ ಗಳಿಗೆ ಅವಸರದ್ದಾಗದಂತೆ ನೋಡಿಕೊಳ್ಳುವುದಕ್ಕೆ ಮೀಸಲು.

ಚರ್ಮದ ಅಂಟಿಗೆ ಇನ್ನೊಂದು ಗುಣವಿದೆ. ಕಾಯಿಸಿದರೆ, ನೆನೆಸಿದರೆ ಬಿಡುತ್ತದೆ. ಗೋಡೆ, ತೊಲೆಗಳಿಗೆ ದೋಷವಾದದ್ದು ವಾದ್ಯಕ್ಕೆ ವರ. ವಯೊಲಿನ್ ಮಾಡುವವರು ಇಂದಿಗೂ ಅದನ್ನು ಬಿಟ್ಟಿಲ್ಲ. ರಿಪೇರಿಗೆ ಬಂದ ವಾದ್ಯದ ಮೇಲುಹಲಗೆಯನ್ನು ತೆಳ್ಳನೆಯ ಅಲಗಿನಿಂದ ಬಿಡಿಸಿ ತೆಗೆದು, ಒಳಗಿನ ಕೆಲಸ ಮುಗಿಸಿ ಮತ್ತೆ ಅಂಟಿಸಬಹುದು.

ಮೈಸೂರಿನ ಬೀಟೆಮರದ ಕೆತ್ತಿಗೆ-ಜೋಡಣೆಯಲ್ಲಿ ಸಂದು ಮತ್ತು ಅಂಟಿನ ಸಂಬಂಧ ಬರಿಗಣ್ಣಿಗೇ ಕಾಣುತ್ತದೆ. 1897ರ ಬೆಂಕಿಯಲ್ಲಿ ಮರದ ಹಳೆಯ ಅರಮನೆ ಸುಟ್ಟು, ಹೆನ್ರಿ ಅರ್ವಿನ್ ವಿನ್ಯಾಸದ ಈಗಿನ ಅರಮನೆ 1912ಕ್ಕೆ ಪೂರ್ತಿಯಾಯಿತು. ಅದರ ಅಂಬಾವಿಲಾಸದ ಬೀಟೆಬಾಗಿಲಿನಲ್ಲಿ ದಂತದ ಬಿಳಿ ಬಳ್ಳಿ ಕಪ್ಪು ಮರದೊಳಗೆ ಹುಟ್ಟಿಬಂದಂತೆ ಕೂತಿದೆ. ಕಪ್ಪಿನ ಮೇಲೆ ಬಿಳಿ ಇಡುವಾಗ ಸಂದು ಬಚ್ಚಿಡಲು ಆಗುವುದಿಲ್ಲ. ಎಲೆಯ ಆಕಾರವನ್ನು ಸಣ್ಣ ಗರಗಸದಿಂದ ಕೊಯ್ದು, ಅದನ್ನೇ ಮರದ ಮೇಲಿಟ್ಟು ಗೆರೆ ಗೀಚಿ, ಆ ಗೆರೆಯೊಳಗೆ ಕುಳಿ ತೋಡಿ ಕೂರಿಸುತ್ತಾರೆ. ದಂತದ ವ್ಯಾಪಾರ ನಿಂತ ಮೇಲೆ ಹಲಸು, ಸಂಪಿಗೆಯಂಥ ಬಣ್ಣಬಣ್ಣದ ಮರಗಳು ಆ ಜಾಗಕ್ಕೆ ಬಂದಿವೆ. ಈ ಕಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ.

ಅಷ್ಟರಲ್ಲಿ ಪಶ್ಚಿಮದಲ್ಲಿ ಅಂಟು ಬಡಗಿಯ ಒಲೆಯಿಂದ ಕಾರ್ಖಾನೆಗೆ ಹೋಗಿತ್ತು. ಮೀನಿನಂಟಿಗೆ ಬ್ರಿಟನ್ 18ನೇ ಶತಮಾನದ ನಡುವಿನಲ್ಲೇ ಪೇಟೆಂಟ್ ಕೊಟ್ಟಿತ್ತು. ನ್ಯೂಯಾರ್ಕಿನ ಪೀಟರ್ ಕೂಪರ್ 1820ರ ದಶಕದಿಂದ ಅಂಟು ಮಾರಿ ಶ್ರೀಮಂತನಾದ. ಆ ಹಣದಿಂದ 1859ರಲ್ಲಿ ಕೂಪರ್ ಯೂನಿಯನ್ ಎಂಬ ವಿದ್ಯಾಸಂಸ್ಥೆ ಕಟ್ಟಿದ.

ಮೊದಲ ಮಹಾಯುದ್ಧದ ವಿಮಾನಗಳು ಬಹುಪಾಲು ಮರದವು. ಅವುಗಳಿಗೆ ಚರ್ಮದ ಅಂಟು ಸಾಲದೆ, ಥಿಯೋಫಿಲಸ್‌ನ ಒರಳಿನಲ್ಲಿದ್ದ ಹಾಲು-ಸುಣ್ಣದ ಪಾಕ ಕೇಸಿನ್ ಎಂಬ ಹೆಸರಿನಲ್ಲಿ ಮರಳಿ ಬಂತು. ತೇವವನ್ನು ಅದು ಹೆಚ್ಚು ತಾಳುತ್ತಿತ್ತು, ತಣ್ಣಗೇ ಬಳಿಯಬಹುದಿತ್ತು. ಆದರೆ ಬೆಚ್ಚನೆಯ ತೇವದಲ್ಲಿ ಅದಕ್ಕೂ ಬೂಸ್ಟು ಹಿಡಿಯುತ್ತದೆ. 1937ರಲ್ಲಿ ಇಂಗ್ಲೆಂಡಿನ ನಾರ್ಮನ್ ಡಿ ಬ್ರೂಯ್ನ್ ಯೂರಿಯಾ-ಫಾರ್ಮಾಲ್ಡಿಹೈಡ್ ರಾಳದಿಂದ ‘ಏರೋಲೈಟ್’ ಮಾಡಿದ. ಬೂಸ್ಟಿಗೆ ಅದರಲ್ಲಿ ತಿನ್ನಲು ಏನೂ ಇರಲಿಲ್ಲ.

ಡಿ ಹ್ಯಾವಿಲೆಂಡ್ ಮಾಸ್ಕಿಟೊ ಹುಟ್ಟಿದ್ದು ಈ ಸಂಧಿಕಾಲದಲ್ಲಿ. 1940ರ ನವೆಂಬರಿನಲ್ಲಿ ಮೊದಲು ಹಾರಿದ ಈ ಬಾಂಬರಿನ ಮೈ ಬರ್ಚ್ ಪ್ಲೈವುಡ್ಡಿನ ಎರಡು ಪದರಗಳ ನಡುವೆ ಹಗುರ ಬಾಲ್ಸಾ ಮರ. ಇಂಗ್ಲೆಂಡಿನ ಪೀಠೋಪಕರಣ, ಪಿಯಾನೊ ತಯಾರಕರು ಅದರ ಭಾಗಗಳನ್ನು ಮಾಡಿಕೊಟ್ಟರು. ಅಂಟು ಮೊದಲು ಕೇಸಿನ್, ಆಮೇಲೆ ರಾಳದ್ದು. 1944ರ ಮಳೆಗಾಲ ಮುಗಿಯುವ ಹೊತ್ತಿಗೆ ಭಾರತ-ಬರ್ಮಾ ರಂಗದಲ್ಲಿದ್ದ ಮಾಸ್ಕಿಟೊಗಳ ರೆಕ್ಕೆಗಳು ಹಾರಾಟದಲ್ಲೇ ಕಳಚತೊಡಗಿದವು. ನವೆಂಬರಿನಲ್ಲಿ ಹಾರಾಟ ನಿಲ್ಲಿಸಿ ತನಿಖೆ ನಡೆಸಿದರು. ಎಲ್ಲರ ಬೆರಳೂ ಮೊದಲು ತೋರಿದ್ದು ಅಂಟಿನ ಕಡೆಗೆ, ಭಾರತದ ಸೆಕೆ, ಮಳೆಗಳ ಕಡೆಗೆ.

ವಿಮಾನಗಳನ್ನು ಬಿಚ್ಚಿ ನೋಡಿದಾಗ ಬೇರೆಯದೇ ಕಥೆ ಹೊರಬಿತ್ತು. ರೆಕ್ಕೆಯ ಮೇಲುಹೊದಿಕೆ ಅದರ ಮುಖ್ಯ ತೊಲೆಗೆ ಸರಿಯಾಗಿ ಕೂತಿರಲಿಲ್ಲ, ನಡುವೆ ಸಂದು ಉಳಿದಿತ್ತು. ತಪಾಸಣೆಗೆ ಒಳಪಟ್ಟ ಮೊದಲ 24 ವಿಮಾನಗಳಲ್ಲಿ 23ರಲ್ಲಿ ಈ ದೋಷ ಕಂಡಿತು. ತಯಾರಿಕೆಯಲ್ಲೇ ತಪ್ಪಾಗಿತ್ತು. ಕೊನೆಗೆ ರೆಕ್ಕೆಯ ಉದ್ದಕ್ಕೂ ಒಂದು ಪ್ಲೈವುಡ್ ಪಟ್ಟಿ ಕೂರಿಸಿ ಸಂದನ್ನು ಮುಚ್ಚುವ ಮಾರ್ಪಾಡು ಜಾರಿಗೆ ಬಂತು. ಹೊಸ ಅಂಟು ತನ್ನ ಪಾಲಿನ ಕೆಲಸ ಮಾಡಬಲ್ಲದಾಗಿತ್ತು. ಮುಟ್ಟದ ಎರಡು ಮರಗಳನ್ನು ಮುಟ್ಟಿಸುವುದು ಮಾತ್ರ ಅದರ ಕೈಲಿರಲಿಲ್ಲ.

ಯುದ್ಧದ ನಂತರ ರಾಳದ ಅಂಟು ಪ್ಲೈವುಡ್ ಆಗಿ ಮನೆಮನೆಗೆ ಬಂತು. ಭಾರತದಲ್ಲಿ ಅದರ ಸಂಶೋಧನೆಯ ಕೇಂದ್ರವಾದದ್ದು ಬೆಂಗಳೂರು. ಮೈಸೂರು ಸಂಸ್ಥಾನ 1938ರಲ್ಲೇ ಇಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯ ತೆರೆದಿತ್ತು. ಮುಂದೆ ಅದು ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ತುಮಕೂರು ರಸ್ತೆಯಲ್ಲಿ 1960ರ ದಶಕದ ಆರಂಭದಿಂದ ಭಾರತೀಯ ಪ್ಲೈವುಡ್ ಕೈಗಾರಿಕೆಗಳ ಸಂಶೋಧನಾ ಸಂಸ್ಥೆ ಕೆಲಸ ಮಾಡಿದೆ. ಮರೈನ್ ಪ್ಲೈ ಎಂದು ಮಾರುವ ಹಲಗೆಯ ಅಂಟು ಭಾರತೀಯ ಮಾನಕದ ಪ್ರಕಾರ 72 ಗಂಟೆ ಕುದಿಯುವ ನೀರಿನಲ್ಲಿದ್ದೂ ಬಿಡಬಾರದು. ಮರವಜ್ರವಾದರೆ ಅದೇ ಪಾತ್ರೆಯಲ್ಲಿ ಗಂಜಿಯಾಗುತ್ತಿತ್ತು.

ಬಡಗಿಯ ಕೈಯಿಂದ ಅಂಟಿನ ಮಡಕೆಯನ್ನು ಬಿಡಿಸಿದ್ದು ಇನ್ನೊಂದು ರಾಸಾಯನಿಕ. ಜರ್ಮನಿಯ ಫ್ರಿಟ್ಸ್ ಕ್ಲಾಟೆ 1912ರಲ್ಲಿ ಶೋಧಿಸಿದ ವಿನೈಲ್ ಅಸಿಟೇಟ್‌ನಿಂದ ಬಂದ ಬಿಳಿ ಅಂಟು ಅದು. ಗುಜರಾತಿನ ಮಹುವಾದಲ್ಲಿ ಹುಟ್ಟಿ ಮುಂಬೈಗೆ ಬಂದ ಬಲವಂತ್ ಪಾರೇಖ್ ಒಂದು ಕಾಲಕ್ಕೆ ಮರದ ವ್ಯಾಪಾರಿಯ ಕಚೇರಿಯಲ್ಲಿ ಜವಾನರಾಗಿದ್ದವರು. ಚರ್ಮದ ಅಂಟನ್ನು ಕಾಯಿಸುತ್ತ ಕೂರುವ ಬಡಗಿಗಳ ಕಷ್ಟ ಅವರು ಕಣ್ಣಾರೆ ಕಂಡದ್ದು. 1959ರಲ್ಲಿ ಅವರು ಫೆವಿಕಾಲ್ ತಂದರು. ಅಂಗಡಿಗಳಿಗಿಂತ ಮೊದಲು ಬಡಗಿಗಳನ್ನೇ ನೇರವಾಗಿ ಕಂಡು ಮಾರಿದರು. ಡಬ್ಬಿಯ ಮುಚ್ಚಳ ತೆಗೆದರೆ ಆಯಿತು, ಒಲೆ ಬೇಡ, ನಾತವಿಲ್ಲ, ಹಿಂದಿನ ರಾತ್ರಿ ನೆನೆಸುವ ಗೋಜಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಂದೆರಡು ನಿಮಿಷವಿದ್ದ ಗಡುವು ಹತ್ತು ನಿಮಿಷದ ಹತ್ತಿರಕ್ಕೆ ಹೋಯಿತು.

ಆ ಬಿಡುವು ಬಡಗಿಯ ಎದೆಬಡಿತ ಇಳಿಸಿತು ನಿಜ, ಜೊತೆಗೆ ಕೆಲವು ಅಭ್ಯಾಸಗಳನ್ನೂ ಸಡಿಲಿಸಿತು. ಪ್ಲೈವುಡ್ ಹೆಚ್ಚು ಹಿಗ್ಗದು, ಕುಗ್ಗದು. ಅದಕ್ಕೆ ತೂತು-ನಾಲಿಗೆಯ ಕೆಲಸವೂ ಬೇಡ, ಅಂಚಿಗೆ ಅಂಟು ಬಳಿದು ಮೊಳೆ ಹೊಡೆದರೆ ಪೆಟ್ಟಿಗೆ ನಿಲ್ಲುತ್ತದೆ. ಇದೇ ಕೈ ಗಟ್ಟಿಮರಕ್ಕೆ ಮರಳಿದಾಗ ತೊಡಕು. ಸಂದು ಕಂಡಲ್ಲಿ ಮರದ ಹುಡಿ ಕಲಸಿ ತುಂಬಿ, ಪಾಲಿಶ್ ಹೊಡೆದು ಮುಚ್ಚುವುದು ರೂಢಿಯಾಯಿತು. ಬಿಳಿ ಅಂಟಿನ ಬಲವಿರುವುದು ಕಾಗದಕ್ಕಿಂತ ತೆಳ್ಳನೆಯ ಪದರದಲ್ಲಿ. ದಪ್ಪಗೆ ತುಂಬಿದಲ್ಲಿ ಅದು ಒಣಗುತ್ತ ಕುಗ್ಗಿ ಬಿರುಕು ಬಿಡುತ್ತದೆ, ನಿರಂತರ ಭಾರಕ್ಕೆ ನಿಧಾನವಾಗಿ ಜಾರುತ್ತದೆ. ಮರವಜ್ರದಂತೆ ಕಾಯಿಸಿ ಬಿಡಿಸಿ ಮತ್ತೆ ಹಾಕೋಣವೆಂದರೆ ಹಳೆಯ ಬಿಳಿ ಪದರದ ಮೇಲೆ ಹೊಸ ಅಂಟು ಹಿಡಿಯುವುದೂ ಕಷ್ಟ. ಕುರ್ಚಿಯ ಕಾಲು ಅಲ್ಲಾಡತೊಡಗಿದರೆ ಸಂದನ್ನು ಮರ ಕಾಣುವ ತನಕ ಕೆರೆದು ಮೊದಲಿನಿಂದ ಶುರು ಮಾಡಬೇಕು.

ಮನೆಗೆ ಗಟ್ಟಿಮರದ ಬಾಗಿಲು, ಮಂಚ, ಮೇಜು ಮಾಡಿಸುವವರು ಸಾಮಾನ್ಯವಾಗಿ ಕೇಳುವುದು ಮರ ಯಾವುದು, ಅಂಟು ಯಾವ ಕಂಪನಿಯದು ಎಂದು. ಅದರ ಜೊತೆಗೆ, ಅಂಟು ಹಾಕುವ ಮುನ್ನ ಒಣಜೋಡಣೆಯನ್ನು ತೋರಿಸುವಂತೆ ಬಡಗಿಗೆ ಹೇಳಿ. ಎರಡು ಹಲಗೆಗಳ ಅಂಚು ಸೇರಿದ ಜಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ನಡುವೆ ಬೆಳಕು ಇಣುಕಿದರೆ ಕೀಸುಳಿ ಇನ್ನೊಮ್ಮೆ ಓಡಬೇಕೆಂದು ಅರ್ಥ. ನಾಲಿಗೆ ತೂತಿಗೆ ಹೋಗುವುದನ್ನು ನೋಡಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಸಿ. ಇದಕ್ಕೆ ತಗಲುವ ಅರ್ಧ ದಿನದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಕೆಲಸ ಬಲ್ಲ ಬಡಗಿ ಈ ಮಾತಿಗೆ ಬೇಸರಪಡುವುದಿಲ್ಲ.